ರಸ್ತೆ ಗುಡಿಸುವಾಗ ಕಾರು ಗುದ್ದಿದರೆ ಪರಿಹಾರ ಯಾರ ಹೊಣೆ?

ಬೆಳಗಿನ ಜಾವ ರಸ್ತೆ ಗುಡಿಸುತ್ತಿದ್ದ ನಿಮ್ಮ ತಾಯಿಗೆ ಕಾರು ಗುದ್ದಿ ಕಾಲು ಮುರಿದಿದೆ, ಗುತ್ತಿಗೆದಾರ ‘ಗುದ್ದಿದವರನ್ನೇ ಕೇಳಿ’ ಅಂತಾನೆ ಎಂದಿದ್ದೀರಿ. ಸುಮ್ನೆ ಜಾರಿಕೊಳ್ಳುವ ಮಾತದು. ಕೆಲಸದ ಹೊತ್ತಲ್ಲೇ ಆದ ಗಾಯ ಅಲ್ವಾ? 2020ರ ಸಾಮಾಜಿಕ ಭದ್ರತಾ ಸಂಹಿತೆಯಡಿ (2025ರ ನವೆಂಬರ್‌ವರೆಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು) ಅವನೂ ಹೊಣೆ. ಅಲ್ಲಿ ಚಾಲಕನ ತಪ್ಪು ಸಾಬೀತು ಮಾಡಬೇಕಿಲ್ಲ. ಅರ್ಜಿಗೆ 2 ವರ್ಷ ಸಮಯವಿದೆ.

ಇನ್ನೊಂದು ದಾರಿ ಕಾರಿನ ವಿಮೆ, ಮೋಟಾರು ವಾಹನ ಕಾಯ್ದೆಯಡಿ. ಸಾಮಾನ್ಯವಾಗಿ ಇದರಲ್ಲೇ ಜಾಸ್ತಿ ಸಿಗುತ್ತದೆ. ಆದರೆ 167ನೇ ಸೆಕ್ಷನ್ ಪ್ರಕಾರ ಎರಡರಲ್ಲಿ ಒಂದನ್ನೇ ಆರಿಸಬೇಕು. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಯಡಿಯ ಅರ್ಜಿಗೆ 6 ತಿಂಗಳ ಗಡುವು ಹಾಕಿದೆ, ತಡ ಮಾಡಬೇಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದರೆ ಮಾತ್ರ ಲೆಕ್ಕ ಬೇರೆ, ವಕೀಲರಿಗೆ ಅದನ್ನು ಮೊದಲೇ ಹೇಳಿ.

ಎಫ್‌ಐಆರ್ ಪ್ರತಿ, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಆಸ್ಪತ್ರೆ ಕೊಡುವ ಪ್ರಮಾಣಪತ್ರ) ತೆಗೆದಿಡಿ. ಇವತ್ತೇ ಹಾಜರಿ ಪುಸ್ತಕದ ಫೋಟೋ ತೆಗೆದುಕೊಳ್ಳಿ. ಆ ಪುಟ ನಾಳೆ ಇರುತ್ತೋ ಇಲ್ವೋ!