ರಾತ್ರಿ ಹನ್ನೊಂದರ ಚಕ್ಕುಲಿ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 11 ವರ್ಷ. ಏಪ್ರಿಲ್‌ನಲ್ಲಿ 61 ಕೆ.ಜಿ. ಇದ್ದ. ರಜೆಯಲ್ಲಿ ರಾತ್ರಿಯ ಅನ್ನ ಬಿಡಿಸಿ, ದಿನಾ ಎರಡು ಹೊತ್ತು ಓಡಿಸಿ 55ಕ್ಕೆ ಇಳಿಸಿದೆವು. ಸ್ಕೂಲು ಶುರುವಾದ ಮೇಲೆ ಯಾವಾಗ ನೋಡಿದರೂ ಹಸಿವು ಅಂತಾನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಲೈಟೂ ಹಾಕದೆ ಅಡುಗೆಮನೆಯಲ್ಲಿ ನಿಂತು ಚಕ್ಕುಲಿ ತಿನ್ನುತ್ತಿದ್ದ. ಮೂರು ಕೆ.ಜಿ. ವಾಪಸ್ ಬಂದಿದೆ. ಅತ್ತೆ ನನಗೆ ಬೈತಾರೆ, ನಮ್ಮವರು ಅವನಿಗೆ ಬೈತಾರೆ. ಇವನ ಬಾಯಿ ಕಟ್ಟೋದು ಹೇಗೆ?
- ಹೆಸರು ಬೇಡ, ತುಮಕೂರು

ಉತ್ತರ: ಚಕ್ಕುಲಿ ಡಬ್ಬ ಅಟ್ಟಕ್ಕೆ ಏರಿಸಿ, ಪರವಾಗಿಲ್ಲ. ಆದರೆ ಬೈಯುವುದನ್ನು ಇವತ್ತೇ ನಿಲ್ಲಿಸಿ. ಅವನ ಹಸಿವು ನಾಟಕ ಅಲ್ಲ.

ನಮ್ಮ ಹೊಟ್ಟೆಯಲ್ಲಿ ಗ್ರೆಲಿನ್ ಅನ್ನೋ, ಹಸಿವು ಎಬ್ಬಿಸುವ ಹಾರ್ಮೋನ್ ತಯಾರಾಗುತ್ತದೆ. ಊಟದ ಹೊತ್ತಿಗೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಲೆಪ್ಟಿನ್ ಅನ್ನೋದು ಕೊಬ್ಬಿನಿಂದ ಬರುವ ಹಾರ್ಮೋನ್. ‘ಕಣಜದಲ್ಲಿ ಇಷ್ಟು ದಾಸ್ತಾನಿದೆ’ ಅಂತ ಮಿದುಳಿಗೆ ಲೆಕ್ಕ ಒಪ್ಪಿಸುವುದು ಇದರ ಕೆಲಸ. ಎರಡು ತಿಂಗಳಲ್ಲಿ ಆರು ಕೆ.ಜಿ. ಇಳಿದರೆ ಲೆಪ್ಟಿನ್ ಸರ್ರನೆ ಬೀಳುತ್ತದೆ. ಮಿದುಳಿಗೆ ನಿಮ್ಮ ಡಯಟ್ ಗೊತ್ತಿಲ್ಲ, ಬರಗಾಲ ಬಂತು ಅಂದುಕೊಳ್ಳುತ್ತದೆ. ಹಸಿವು ಹೆಚ್ಚಿಸುತ್ತದೆ, ಜೊತೆಗೆ ಮೈಯ ಖರ್ಚನ್ನೂ ಕಡಿಮೆ ಮಾಡುತ್ತದೆ. ಮುಂಚಿನಷ್ಟೇ ಓಡಿದರೂ ಈಗ ಮುಂಚಿನಷ್ಟು ಕರಗುವುದಿಲ್ಲ.

ಹಸಿವಿನ ಮುಂದೆ ಮಗುವಿನ ಹಟ ಎಷ್ಟು ನಡೆದೀತು? ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು 94 ಕೆ.ಜಿ. ಇದ್ದಳು. ಹುಟ್ಟಿನಿಂದಲೇ ಅವಳ ಮೈಯಲ್ಲಿ ಲೆಪ್ಟಿನ್ ಇರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಅವಳ ಊಟ ತಾನಾಗಿಯೇ ಕಡಿಮೆಯಾಯಿತು, ಒಂದು ವರ್ಷದಲ್ಲಿ 16 ಕೆ.ಜಿ. ಇಳಿದಳು. 1999ರಲ್ಲಿ ಈ ವರದಿ ಬಂತು. ಹಾಗಂತ ಇಂಜೆಕ್ಷನ್ ಹುಡುಕಿಕೊಂಡು ಹೊರಡಬೇಡಿ. ಅಂಥ ಮಕ್ಕಳು ತೀರಾ ಅಪರೂಪ. ದಪ್ಪಗಿರುವ ಹೆಚ್ಚಿನ ಮಕ್ಕಳಲ್ಲಿ ಲೆಪ್ಟಿನ್ ಜಾಸ್ತಿಯೇ ಇರುತ್ತದೆ, ಮಿದುಳು ಅದರ ಮಾತು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ ಅಷ್ಟೆ.

ನಾನೂ ಒಂದು ಕಾಲದಲ್ಲಿ ಬೈದವಳೇ. ಹೊಸದಾಗಿ ಕ್ಲಿನಿಕ್ ಇಟ್ಟಾಗ ಏಳನೇ ಕ್ಲಾಸಿನ ಹುಡುಗಿಗೆ ‘ಬಾಯಿಗೆ ಸ್ವಲ್ಪ ಬೀಗ ಹಾಕಮ್ಮ’ ಅಂದಿದ್ದೆ. ಅವಳ ಅಮ್ಮ ನಕ್ಕರು, ಅವಳು ನಗಲಿಲ್ಲ. ಆಮೇಲೆ ಅವಳು ಬರಲೇ ಇಲ್ಲ.

ಈಗ ಊಟದ ವಿಷಯ. ರಾತ್ರಿ ಅನ್ನ ಪೂರ್ತಿ ಬಿಡಿಸಿದ್ದು ಅತಿಯಾಯಿತು. ಸ್ಕೂಲಿಂದ ಬಂದ ತಕ್ಷಣ ಒಂದು ಬಟ್ಟಲು ಹೆಸರುಕಾಳು ಉಸಲಿಯೋ ಬೇಯಿಸಿದ ಮೊಟ್ಟೆಯೋ ಕೊಡಿ, ಜೊತೆಗೆ ಮಜ್ಜಿಗೆ. ಬಿಸ್ಕತ್ತು, ಪ್ಯಾಕೆಟ್ ಜ್ಯೂಸು ಮನೆಗೆ ತರುವುದೇ ಬೇಡ. ನಿಮ್ಮ ಕಡೆ ಮುದ್ದೆಗೇನು ಬರವಿಲ್ಲ ಅಲ್ವಾ? ರಾತ್ರಿ ಎಂಟರೊಳಗೆ ಸಣ್ಣ ಮುದ್ದೆ, ಗಟ್ಟಿ ಸೊಪ್ಪಿನ ಸಾರು, ತಟ್ಟೆಯಲ್ಲಿ ಅರ್ಧ ಪಲ್ಯ. ಕಾಳು, ಮೊಟ್ಟೆ, ಸೊಪ್ಪು ಹೊಟ್ಟೆಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತವೆ. ಮನೆಯವರೆಲ್ಲ ಅದನ್ನೇ ಉಣ್ಣಬೇಕು. ಅವನ ಎದುರು ಅಪ್ಪ ಬೋಂಡಾ ತಿನ್ನುತ್ತಾ ಕೂತರೆ ನನ್ನ ಉತ್ತರ ದಂಡ.

ಮತ್ತೆ, ಹನ್ನೊಂದಕ್ಕೆ ಅವನು ಎದ್ದಿದ್ದಾದರೂ ಯಾಕೆ? ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟರೆ ಮರುದಿನ ಹಸಿವು ಇನ್ನೂ ಜಾಸ್ತಿ.

ಕುತ್ತಿಗೆಯ ಹಿಂದೆ ಮಸಿ ಬಳಿದ ಹಾಗೆ ಕಪ್ಪಾಗಿದೆಯಾ ನೋಡಿ. ಇದ್ದರೆ ಉಜ್ಜಿ ತೊಳೆಯಬೇಡಿ, ಅದು ಕೊಳೆ ಅಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತಿರಬಹುದು. ಇರಲಿ ಬಿಡಲಿ, ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಬಿ.ಪಿ., ಸಕ್ಕರೆ ನೋಡಿಸಿ, ಎಷ್ಟು ಇಳಿಯಬೇಕು ಅಂತ ಅವರೇ ಹೇಳಲಿ.

ನಿಮ್ಮ ಪತ್ರದಲ್ಲಿ ತೂಕ ಮೂರು ಸಲ ಬಂದಿದೆ, ಎತ್ತರ ಒಂದು ಸಲವೂ ಇಲ್ಲ. ಬೆಳೆಯುವ ಹುಡುಗ ಅವನು. ತೂಕ ಈಗಿರುವಷ್ಟರಲ್ಲೇ ನಿಂತು ನಾಲ್ಕೈದು ಸೆಂ.ಮೀ. ಎತ್ತರವಾದರೂ ಅದು ಲಾಭವೇ, ದೊಡ್ಡವರಿಗೆ ಈ ಸೌಲಭ್ಯ ಇಲ್ಲ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಿ. ಮೂರು ತಿಂಗಳು ಬಿಟ್ಟು ಇನ್ನೊಂದು ಗೆರೆ ಹಾಕಿ, ಎರಡನ್ನೂ ನನಗೆ ಬರೆದು ಕಳಿಸಿ.