ಅಡಿಕೆಗೆ ಡ್ರಿಪ್ ಹಾಕಿದ್ದರೂ ಸಾಲಿನ ಕೊನೆಯ ಮರಗಳಿಗೆ ನೀರು ಸಾಲುತ್ತಿಲ್ಲ, ಇನ್ನೊಂದು ಬೋರ್ ಕೊರೆಸಲೇ?

ಈಗಲೇ ಬೇಡ. ಮೊದಲು ಒಂದು ಡ್ರಮ್, ಒಂದು ಲೋಟ ಹಿಡಿದು ತೋಟಕ್ಕೆ ಹೋಗಿ.

ನೀವು ಹೇಳಿದ್ದು ಮೂರು ಎಕರೆ, ಒಂಬತ್ತಡಿ ಅಂತರ, ಮರಕ್ಕೆ ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರ್. ಎಕರೆಗೆ ಸುಮಾರು 540 ಮರ ಅಂದರೆ ಒಂದು ಎಕರೆಗೆ ಗಂಟೆಗೆ 4,320 ಲೀಟರ್ ಬೇಕು. ಮೋಟಾರ್ ಅರ್ಧ ಗಂಟೆ ಓಡಿದ ಮೇಲೆ (ಆರಂಭದ ನೀರನ್ನು ನಂಬಬೇಡಿ) 200 ಲೀಟರಿನ ಡ್ರಮ್ ತುಂಬಿಸಿ. ಎರಡೂವರೆ ನಿಮಿಷಕ್ಕೆ ತುಂಬಿದರೆ ಗಂಟೆಗೆ 4,800 ಲೀಟರ್, ಒಂದು ಎಕರೆಗೆ ಸಾಕು. ಎಕರೆಗೊಂದು ವಾಲ್ವ್ ಇಟ್ಟು, ಒಂದಾದ ಮೇಲೊಂದರಂತೆ ಎರಡೂಕಾಲು ಗಂಟೆ ಬಿಟ್ಟರೆ ಮರಕ್ಕೆ 18 ಲೀಟರ್. ಡ್ರಿಪ್‌ನಲ್ಲಿ ಬೇಸಿಗೆಗೆ ದಿನಕ್ಕೆ 16ರಿಂದ 20 ಸಾಕು. ಏಳು ಗಂಟೆ ತ್ರೀ ಫೇಸ್ ಕರೆಂಟಿನಲ್ಲಿ ಮೂರೂ ಎಕರೆ ಮುಗಿಯುತ್ತದೆ.

ಡ್ರಮ್ಮಿಗೆ ಮೂರು ನಿಮಿಷ ಹಿಡಿದರೆ ತೋಟವನ್ನು ನಾಲ್ಕು ವಾಲ್ವ್ ಮಾಡಿ, ತಲಾ ಒಂದೂಮುಕ್ಕಾಲು ಗಂಟೆ. ಮರಕ್ಕೆ 14 ಲೀಟರ್ ಸಿಗುತ್ತದೆ, ಬುಡಕ್ಕೆ ಸೋಗೆ ಹೊದಿಸಿ ನಿಭಾಯಿಸಬಹುದು. ಐದು ನಿಮಿಷ ದಾಟಿದರೆ ಮಾತ್ರ ನಿಜವಾಗಿ ನೀರಿನ ಕೊರತೆ.

ಕರೆಂಟ್ ಹೋಗಿಬಿಡುತ್ತದೆ ಅಂತ ಮೂರೂ ವಾಲ್ವ್ ಒಟ್ಟಿಗೆ ತಿರುಗಿಸುವುದೇ ಹೆಚ್ಚಿನ ತೋಟಗಳ ರೋಗ. ಪ್ರೆಶರ್ ಬಿದ್ದುಹೋಗಿ ತುದಿ ಮರಕ್ಕೆ ತೊಟ್ಟಿಕ್ಕುವುದೂ ಇಲ್ಲ.

ಇನ್ನು ಲೋಟ. ಸಾಲಿನ ಮೊದಲ ಮತ್ತು ಕೊನೆಯ ಡ್ರಿಪ್ಪರಿನ ಕೆಳಗೆ ಮೂರು ನಿಮಿಷ ಹಿಡಿಯಿರಿ, 200 ಮಿಲಿ ಬರಬೇಕು. ಎರಡೂ ಕಡೆ ಕಡಿಮೆಯಾದರೆ ಫಿಲ್ಟರಿನ ಆಚೀಚೆಯ ಪ್ರೆಶರ್ ಗೇಜ್ ನೋಡಿ. ವ್ಯತ್ಯಾಸ ಅರ್ಧ ಕೆಜಿ ದಾಟಿದ್ದರೆ ಜಾಲರಿ ತೊಳೆಯಿರಿ. ಕೊನೆಯದು ಮಾತ್ರ 180ಕ್ಕಿಂತ ಕೆಳಗಿದ್ದರೆ ಪೈಪಿನ ತುದಿಯ ಮುಚ್ಚಳ (ಎಂಡ್ ಕ್ಯಾಪ್) ಬಿಚ್ಚಿ, ಕೆಸರು ಹೋಗಿ ತಿಳಿನೀರು ಬರುವ ತನಕ ಬಿಡಿ.

ಡ್ರಿಪ್ಪರಿನ ಬಾಯಲ್ಲಿ ಬಿಳಿ ಹೊಪ್ಪಳೆ ಕಂಡರೆ ಗಡಸು ನೀರಿನ ಸುಣ್ಣ. ಹೈಡ್ರೋಕ್ಲೋರಿಕ್ ಆಸಿಡ್ ತೆಳು ಮಾಡಿ ವೆಂಚುರಿಯಲ್ಲಿ (ಡ್ರಿಪ್ ಪೈಪಿಗೆ ದ್ರವ ಎಳೆದುಕೊಳ್ಳುವ ಸಾಧನ) ಬಿಡಿ. ತುದಿಯ ನೀರಿಗೆ ಅದ್ದಿದ ಪಿಎಚ್ ಪಟ್ಟಿ 4 ತೋರಿಸಿದಾಗ ಮೋಟಾರ್ ನಿಲ್ಲಿಸಿ, 24 ಗಂಟೆ ಬಿಟ್ಟು ತೊಳೆಯಿರಿ. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರಲ್ಲ. ಲೋಳೆ ಕಟ್ಟಿದ್ದರೆ ಅದಕ್ಕೆ ಕ್ಲೋರಿನ್ ಬೇರೆ ದಿನ ಬಿಡಿ. ಆಸಿಡ್ ಜೊತೆ ಬೆರೆತರೆ ವಿಷಗಾಳಿ ಏಳುತ್ತದೆ.

ಡ್ರಿಪ್ಪರ್ ಕಾಂಡಕ್ಕೆ ಅಂಟಿಕೊಂಡಿದ್ದರೆ ಎರಡು ಪಕ್ಕಕ್ಕೂ ಒಂದೂವರೆ ಅಡಿ ಸರಿಸಿ.