‘ಭೂಮಿ ಮಾರಿದವರು ಅವರೇ ಅಲ್ಲವೇ?’

ಪಶ್ಚಿಮ ಏಷ್ಯಾದಲ್ಲಿ ಗುಂಡಿನ ಸದ್ದಾದಾಗಲೆಲ್ಲ ಇಸ್ರೇಲ್-ಪ್ಯಾಲೆಸ್ಟೀನ್ ಜಗಳದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳು ಹೆಚ್ಚುತ್ತವೆ, ಪ್ರಶ್ನೆಗಳು ಮಾತ್ರ ಹೆಚ್ಚುವುದಿಲ್ಲ. ಅವೇ ಐದಾರು, ಅದರಲ್ಲೂ ಅರ್ಧದಷ್ಟು ಪ್ರಶ್ನೆಯ ವೇಷ ತೊಟ್ಟ ತೀರ್ಪುಗಳು. ಯಹೂದಿಗಳು ಯಾರು, ಗಾಝಾ ಎಲ್ಲಿದೆ, ಜೆರುಸಲೇಮ್ ಏಕೆ ಮೂರು ಧರ್ಮಗಳಿಗೆ ಪವಿತ್ರ ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಶಾಲೆಯ ಅಟ್ಲಾಸು, ಪಠ್ಯಪುಸ್ತಕಗಳು ಅದಕ್ಕೆಂದೇ ಇವೆ.

ಇದು ಮೂರು ಸಾವಿರ ವರ್ಷಗಳ ಧರ್ಮಯುದ್ಧವಲ್ಲವೇ? (ದಾವಣಗೆರೆ, ಹಾಸನ, ದುಬೈ ಮತ್ತು ಇನ್ನೂ ಅನೇಕರು)

ಅಲ್ಲ. ಕಪ್ಪು ಹಲಗೆಯ ಮುಂದೆ ನಿಂತು ಅಬ್ರಹಾಮನಿಂದ ಆರಂಭಿಸಿ ಹತ್ತೇ ನಿಮಿಷದಲ್ಲಿ ಇಂದಿನ ಯುದ್ಧಕ್ಕೆ ಬಂದಿಳಿಯುವ ಯೂಟ್ಯೂಬ್ ಪಂಡಿತರು ನಡುವಿನ ಒಂದು ಕಾಲಾವಧಿಯನ್ನು ಜಾಣತನದಿಂದ ನುಂಗಿಬಿಡುತ್ತಾರೆ. 1517ರಿಂದ 1917ರವರೆಗೆ ಆ ನಾಡು ಒಟ್ಟೋಮನ್ ತುರ್ಕರ ಕೈಯಲ್ಲಿತ್ತು. ಅಲ್ಲಿನ ಯಹೂದಿಗಳು ಸಮಾನ ಪ್ರಜೆಗಳಾಗಿ ಸುಖವಾಗಿದ್ದರು ಎಂಬುದು ಕಟ್ಟುಕಥೆ. ಆದರೆ ಆ ನಾಲ್ಕು ಶತಮಾನಗಳ ಬಹುಪಾಲು ‘ಈ ನೆಲ ಯಾವ ಜನಾಂಗದ ರಾಷ್ಟ್ರ’ ಎಂಬ ಜಗಳ ಇರಲಿಲ್ಲ. ಅದು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾದ ಮೇಲೆ ಅಲ್ಲಿನ ಯಹೂದಿಗಳ ಮೇಲೆ ದಾಳಿಗಳು ಸಾಲುಸಾಲಾಗಿ ನಡೆದವು. ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರು ಅಮೆರಿಕದ ಹಡಗು ಹತ್ತಿದರು, ಚಿಕ್ಕ ಗುಂಪೊಂದು ಪ್ಯಾಲೆಸ್ಟೀನಿನ ದಾರಿ ಹಿಡಿಯಿತು. 1897ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ (ಯಹೂದಿಗಳಿಗೆ ಪ್ಯಾಲೆಸ್ಟೀನಿನಲ್ಲಿ ರಾಷ್ಟ್ರೀಯ ನೆಲೆ ಬೇಕೆಂಬ ಚಳವಳಿಯ) ಸಮ್ಮೇಳನ ಕರೆದ ಥಿಯೋಡರ್ ಹರ್ಝೆಲ್ ಧಾರ್ಮಿಕ ಆಚರಣೆಯ ಮನುಷ್ಯನಲ್ಲ. ಆತನನ್ನು ಮೊದಲು ವಿರೋಧಿಸಿದವರಲ್ಲಿ ಯಹೂದಿ ಧರ್ಮಗುರುಗಳೇ ಇದ್ದರು. ಇನ್ನೊಂದು ಕಡೆ, ಜಿಯೋನಿಸಂ ವಿರುದ್ಧ ಬರೆದ ಆರಂಭದ ಅರಬ್ ಪತ್ರಿಕೆಗಳಾದ ಹೈಫಾದ ಅಲ್-ಕರ್ಮಿಲ್ (1908) ಮತ್ತು ಜಾಫಾದ ಫಲಸ್ತೀನ್ (1911) ಎರಡರ ಸಂಪಾದಕರೂ ಕ್ರೈಸ್ತರು. ಧರ್ಮಯುದ್ಧ ಎನ್ನುವವರು ಇವರನ್ನೆಲ್ಲ ಯಾವ ಖಾನೆಯಲ್ಲಿ ಕೂರಿಸುತ್ತಾರೋ ನೋಡಬೇಕು.

ಪ್ಯಾಲೆಸ್ಟೀನ್ ಎಂಬ ದೇಶವೇ ಇರಲಿಲ್ಲವಲ್ಲ? (ಬೆಳಗಾವಿ)

ಸ್ವತಂತ್ರ ದೇಶವಾಗಿ ಇರಲಿಲ್ಲ. ಇಸ್ರೇಲ್ ಎಂಬ ಇಂದಿನ ದೇಶವೂ 1948ರ ಮೇ 14ರವರೆಗೆ ಇರಲಿಲ್ಲ. ಜನ ಇದ್ದರೋ ಇಲ್ಲವೋ ಎಂಬುದು ಪ್ರಶ್ನೆ, ಇದ್ದರು. ಮುಂದಕ್ಕೆ ಹೋಗೋಣ.

ಪ್ಯಾಲೆಸ್ಟೀನಿಯರೇ ದುಡ್ಡು ಎಣಿಸಿಕೊಂಡು ಭೂಮಿ ಮಾರಿದರು. ಈಗ ಅಳುವುದೇಕೆ? (ಉಡುಪಿ)

ಇದೇ ಪ್ರಶ್ನೆ ಒಕ್ಕಣೆ ಬದಲಿಸಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟಿಲ್ಲ. ಉಡುಪಿಯಿಂದ ಬಂದದ್ದನ್ನು ಆರಿಸಿಕೊಳ್ಳಲು ಕಾರಣವಿದೆ. ಕರಾವಳಿಯವರಿಗೆ ಒಡೆಯ ಎಬ್ಬಿಸಲಾಗದ ಕಾಯಂ ಮೂಲಗೇಣಿಯೂ ಗೊತ್ತು, ಚಾಲಗೇಣಿಯೂ ಗೊತ್ತು. ಒಡೆಯ ಮನಸ್ಸು ಮಾಡಿದರೆ ಎಬ್ಬಿಸಬಹುದಾದ ಚಾಲಗೇಣಿಯ ಒಕ್ಕಲು, ಅಜ್ಜನ ಕಾಲದಿಂದ ಅದೇ ಗದ್ದೆ ಉಳುತ್ತಾ ತನ್ನದು ಮೂಲಗೇಣಿಯೇ ಎಂಬಂತೆ ಬದುಕಿದರೆ ಹೇಗೆ? ಪ್ಯಾಲೆಸ್ಟೀನಿನ ಕಣಿವೆಗಳಲ್ಲಿ ಅನೇಕ ರೈತರ ಸ್ಥಿತಿ ಅದಾಗಿತ್ತು.

1858ರಲ್ಲಿ ಒಟ್ಟೋಮನ್ ಸರ್ಕಾರ ಹೊಸ ಭೂ ಕಾನೂನು ತಂದು, ಜಮೀನನ್ನು ಹೆಸರಿಗೆ ನೋಂದಾಯಿಸಿಕೊಳ್ಳಿ ಎಂದಿತು. ಹಳ್ಳಿಯವರು ಹೆದರಿದರು. ದಫ್ತರಿನಲ್ಲಿ ಹೆಸರು ಬಿದ್ದರೆ ತೆರಿಗೆಯವನು ಬರುತ್ತಾನೆ, ಅವನ ಹಿಂದೆಯೇ ಮಗನನ್ನು ಸೈನ್ಯಕ್ಕೆ ಎಳೆದೊಯ್ಯುವವನು ಬರುತ್ತಾನೆ. ಹೀಗಾಗಿ ಎಷ್ಟೋ ಭೂಮಿ ಪಟ್ಟಣದ ಸಾಹುಕಾರರ ಹೆಸರಿಗೆ ಹೋಯಿತು. ಇನ್ನಷ್ಟನ್ನು ಸರ್ಕಾರವೇ ಮಾರಿತು. ಉತ್ತರದ ಫಲವತ್ತಾದ ಮರ್ಜ್ ಇಬ್ನ್ ಆಮಿರ್ ಬಯಲನ್ನು (ಯಹೂದಿಗಳಿಗೆ ಅದು ಯೆಜ್ರೆಯೆಲ್ ಕಣಿವೆ) 1870ರ ದಶಕದಲ್ಲಿ ಕೊಂಡವರಲ್ಲಿ ಬೈರೂತಿನ ಸುರ್ಸುಕ್ ಎಂಬ ಶ್ರೀಮಂತ ವ್ಯಾಪಾರಿ ಕುಟುಂಬ ಮುಖ್ಯವಾದುದು. ಉಳುವವರು ಅಲ್ಲೇ ಉಳಿದರು. ಬೆಳೆಯಲ್ಲಿ ಒಡೆಯನ ಪಾಲು ಬೈರೂತಿಗೆ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ. ಒಡೆಯರು ಬದಲಾಗುತ್ತಾರೆ, ಒಕ್ಕಲು ಬದಲಾಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಯಹೂದಿ ಸಂಸ್ಥೆಗಳಿಗೆ ಭೂಮಿ ಮಾರಿದಾಗ ಮುರಿದುಬಿದ್ದದ್ದು ಈ ನಂಬಿಕೆ. 1901ರಲ್ಲಿ ಸ್ಥಾಪನೆಯಾದ ಯಹೂದಿ ರಾಷ್ಟ್ರೀಯ ನಿಧಿಯ ನಿಯಮದಂತೆ ಅದು ಕೊಂಡ ಭೂಮಿಯನ್ನು ಮತ್ತೆ ಮಾರುವಂತಿರಲಿಲ್ಲ, ಯಹೂದಿಯಲ್ಲದವರಿಗೆ ಗುತ್ತಿಗೆಗೆ ಕೊಡುವಂತಿರಲಿಲ್ಲ. ಅದರ ಜೊತೆಗೆ 1904ರ ನಂತರ ಬಂದ ತರುಣರು, ನಮ್ಮ ಹೊಲದಲ್ಲಿ ನಾವೇ ದುಡಿಯುತ್ತೇವೆ, ಅರಬ್ ಕೂಲಿಯಾಳು ಬೇಡ ಎಂದರು. ಇದನ್ನು ಬರೀ ದ್ವೇಷ ಎಂದು ಓದುವವರು ಅರ್ಧ ಓದಿದವರು. ರಷ್ಯಾದಲ್ಲಿ ಅವರಿಗೆ ಭೂಮಿ ಕೊಳ್ಳಲು ಅಡ್ಡಿಗಳಿದ್ದವು, ಬಡ್ಡಿ ವ್ಯಾಪಾರದ ಜನ ಎಂಬ ಬೈಗುಳವೂ ಇತ್ತು. ಕಡಿಮೆ ಕೂಲಿಗೆ ಸ್ಥಳೀಯರನ್ನು ದುಡಿಸಿ ತಾವು ಜಗಲಿಯಲ್ಲಿ ಕೂರುವ ತೋಟದ ದೊರೆಗಳಾಗುವುದು ಆ ಸಮಾಜವಾದಿ ಹುಡುಗರಿಗೆ ಬೇಡವಾಗಿತ್ತು. ಆದರೆ ಅವರ ಆ ಆದರ್ಶದಿಂದಲೇ ಒಕ್ಕಲಿನವನು ಕೂಲಿಯಾಳಾಗಿಯೂ ಅಲ್ಲಿ ಉಳಿಯುವಂತಿರಲಿಲ್ಲ.

1910ರಲ್ಲಿ ನಜರೇತಿನ ಬಳಿಯ ಅಲ್-ಫೂಲಾ ಗ್ರಾಮದಲ್ಲಿ ಇದು ಬಹಿರಂಗ ಜಗಳವಾಯಿತು. ಇಲ್ಯಾಸ್ ಸುರ್ಸುಕ್ ಸುಮಾರು 2,500 ಎಕರೆಯನ್ನು ಮಾರಿದ. ನಜರೇತಿನ ಒಟ್ಟೋಮನ್ ಅಧಿಕಾರಿ ಶುಕ್ರಿ ಅಲ್-ಅಸಲಿ ಭೂಮಿಯ ಹಕ್ಕುಪತ್ರ ವರ್ಗಾಯಿಸಲು ನಿರಾಕರಿಸಿ ಪತ್ರಿಕೆಗಳಲ್ಲೂ ಬರೆದ. ಮೇಲಿನವರು ಅವನ ಮಾತು ಕೇಳಲಿಲ್ಲ, 1911ರಲ್ಲಿ ಅಲ್ಲಿ ಮೆರ್ಹಾವಿಯಾ ಎಂಬ ಯಹೂದಿ ನೆಲೆ ಎದ್ದಿತು. ಅಸಲಿ ಮುಂದೆ ಇಸ್ತಾಂಬುಲ್ ಸಂಸತ್ತಿನಲ್ಲೂ ಈ ವಿಷಯ ಎತ್ತಿದ. 1916ರಲ್ಲಿ ಅರಬ್ ರಾಷ್ಟ್ರವಾದಿ ಎಂಬ ಆರೋಪದ ಮೇಲೆ ತುರ್ಕರೇ ಅವನನ್ನು ಗಲ್ಲಿಗೇರಿಸಿದರು. ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ‘ರಾಷ್ಟ್ರೀಯ ನೆಲೆ’ಯ ಭರವಸೆ ಕೊಟ್ಟ ಬ್ರಿಟಿಷರ ಬಾಲ್ಫೋರ್ ಘೋಷಣೆಗೆ ಇನ್ನೂ ಒಂದು ವರ್ಷವಿತ್ತು. ಎಲ್ಲವೂ 1948ರಲ್ಲಿ ಶುರುವಾಯಿತು ಎನ್ನುವವರು ಈ ತೇದಿಗಳನ್ನು ಗುರುತು ಹಾಕಿಕೊಳ್ಳಲಿ.

ಮೊದಲ ಮಹಾಯುದ್ಧ ಮುಗಿದಾಗ ಬೈರೂತ್ ಫ್ರೆಂಚರ ಪಾಲಾಯಿತು, ಪ್ಯಾಲೆಸ್ಟೀನ್ ಬ್ರಿಟಿಷರ ಪಾಲಾಯಿತು. ಗಡಿಯಾಚೆಗೆ ಸಿಕ್ಕಿಬಿದ್ದ ಜಮೀನು ಸುರ್ಸುಕರಿಗೆ ಬೇಡವಾಯಿತು. 1921ರಿಂದ 1925ರ ನಡುವೆ, ಯೆಹೋಶುವಾ ಹಾಂಕಿನ್ ಎಂಬ ಪಳಗಿದ ದಲ್ಲಾಳಿಯ ಮೂಲಕ, ಕಣಿವೆಯ ಹಳ್ಳಿಗಳು ಒಂದೊಂದಾಗಿ ಕೈ ಬದಲಿಸಿದವು. ಒಕ್ಕಲುಗಳಿಗೆ ಒಂದಿಷ್ಟು ಪರಿಹಾರದ ಹಣ ಸಿಕ್ಕಿತು. ಭೂಹೀನರಾದವರು ಅರ್ಜಿ ಹಾಕಿ ಎಂದು ಬ್ರಿಟಿಷರು 1930ರ ದಶಕದಲ್ಲಿ ಕರೆದಾಗ ಮೂರು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮುಂದೆ ಬಂದವು. 1936ರ ಹೊತ್ತಿಗೆ ಒಪ್ಪಿತವಾದದ್ದು 664. ಈ ಸಂಖ್ಯೆಯನ್ನು ಹಿಡಿದು, ಇಷ್ಟೇ ತಾನೇ ಎನ್ನುವವರು ‘ಭೂಹೀನ’ ಎನಿಸಿಕೊಳ್ಳಲು ಇಟ್ಟ ಷರತ್ತುಗಳು ಎಷ್ಟು ಬಿಗಿಯಾಗಿದ್ದವು ಎಂಬುದನ್ನು ಹೇಳುವುದಿಲ್ಲ.

ಹೀಗೆ ಜಮೀನು ಬಿಟ್ಟು ಎದ್ದವರಲ್ಲಿ ಹಲವರು ಹೈಫಾ ಬಂದರಿನ ತಗಡಿನ ಗುಡಿಸಲುಗಳಿಗೆ ಬಂದು ಸೇರಿದರು. ಸಾಲಕ್ಕೆ ಹೊಲ ಕಳೆದುಕೊಂಡ ಇತರ ರೈತರೂ ಅಲ್ಲಿದ್ದರು. ಸಿರಿಯಾ ಮೂಲದ ಧರ್ಮಬೋಧಕ ಇಜ್ಜುದ್ದೀನ್ ಅಲ್-ಕಸ್ಸಾಮ್‌ಗೆ ಹಿಂಬಾಲಕರು ಸಿಕ್ಕಿದ್ದು ಇವರಲ್ಲೇ. 1935ರ ನವೆಂಬರಿನಲ್ಲಿ ಬ್ರಿಟಿಷ್ ಪೊಲೀಸರು ಅವನನ್ನು ಕೊಂದರು, ಮರುವರ್ಷ ಅರಬ್ ಬಂಡಾಯ ಎದ್ದಿತು. ಹಮಾಸ್‌ನ ಸಶಸ್ತ್ರ ವಿಭಾಗ ಇಂದು ಹೊತ್ತಿರುವುದು ಅವನ ಹೆಸರನ್ನೇ. ಕ್ರಯಪತ್ರ ಸರಿಯಾಗಿತ್ತು ಎಂಬಲ್ಲಿಗೆ ವಿಷಯ ಮುಗಿಯುತ್ತದೆ ಎನ್ನುವವರು ಈ ಎಳೆಯನ್ನು ಕಾಣಲಾರರು.

ಉಡುಪಿಯವರ ಮಾತಿನಲ್ಲಿ ನಿಜವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸಭೆಯಲ್ಲಿ ಭೂಮಿ ಮಾರಬೇಡಿ ಎಂದು ಗುಡುಗಿ, ಹಿಂಬಾಗಿಲಲ್ಲಿ ತಾವೇ ಮಾರಿದ ಪ್ಯಾಲೆಸ್ಟೀನಿ ಗಣ್ಯರಿದ್ದರು. 1948ಕ್ಕೆ ಮುಂಚಿನದೆಲ್ಲ ಕಬಳಿಕೆ ಎಂಬ ಎದುರು ಪಕ್ಷದ ಘೋಷಣೆಯೂ ಸುಳ್ಳು. ಕೊಂಡವರು ಕೊಟ್ಟದ್ದು ನಗದು, ಎಷ್ಟೋ ಸಲ ದುಬಾರಿ ಬೆಲೆಗೆ. ಆದರೆ ಕೊಂಡದ್ದು ಎಷ್ಟು? 1947ರ ಹೊತ್ತಿಗೆ ಇಡೀ ಪ್ಯಾಲೆಸ್ಟೀನಿನ ಸುಮಾರು ಶೇ 7. ಉಳಿದುದರಲ್ಲಿ ನೆಗೆವ್ ಮರಳುಗಾಡಿನಂಥ ಸರ್ಕಾರಿ ಭೂಮಿಯೂ ಬಹಳ. 1948ರ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಓಡಿಹೋದರು ಅಥವಾ ಓಡಿಸಲ್ಪಟ್ಟರು, ಎರಡೂ ನಡೆದವು. ಅವರ ಹೊಲ ಮನೆಗಳನ್ನು ಇಸ್ರೇಲ್ 1950ರ ‘ಗೈರುಹಾಜರಾದವರ ಆಸ್ತಿ’ ಕಾನೂನಿನಡಿ ವಶಕ್ಕೆ ತೆಗೆದುಕೊಂಡಿತು. ಅವಕ್ಕೆ ಯಾರೂ ಕ್ರಯಪತ್ರ ಬರೆದುಕೊಟ್ಟಿರಲಿಲ್ಲ.

ಭೂಮಿಯ ಕಥೆ ಹೇಳಿದ್ದರಿಂದ ಹತ್ಯೆಗಳಿಗೆ ನೆಪ ಒದಗಿಸಿದೆ ಎಂದು ಯಾರೂ ತಿಳಿಯಬಾರದು. 1929ರಲ್ಲಿ ಹೆಬ್ರಾನ್‌ನಲ್ಲಿ ಗುಂಪುಗಳ ಕೈಗೆ ಸಿಕ್ಕಿ ಸತ್ತ 67 ಯಹೂದಿಗಳು ಯಾರ ಗೇಣಿಯನ್ನೂ ಕಸಿದವರಲ್ಲ. ಅವರಲ್ಲಿ ಪಾಠಶಾಲೆಯ ವಿದ್ಯಾರ್ಥಿಗಳೂ ಇದ್ದರು.

ಹಿಟ್ಲರನ ಪಾಪಕ್ಕೆ ಪರಿಹಾರವಾಗಿ ಇಸ್ರೇಲ್ ಕೊಟ್ಟರಂತೆ? (ತುಮಕೂರು)

ಬಾಸೆಲ್ ಸಮ್ಮೇಳನ 1897ರದು, ಬಾಲ್ಫೋರ್ ಘೋಷಣೆ 1917ರದು, ಹಿಟ್ಲರ್ ಗದ್ದುಗೆ ಏರಿದ್ದು 1933ರಲ್ಲಿ. ಅವನು ಜಗಳವನ್ನು ಹುಟ್ಟಿಸಲಿಲ್ಲ, ವೇಗ ಹೆಚ್ಚಿಸಿದ. ಅಮೆರಿಕ 1924ರಲ್ಲೇ ಬಾಗಿಲು ಬಹುಪಾಲು ಮುಚ್ಚಿತ್ತು. 1935ರ ಒಂದೇ ವರ್ಷದಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳು ಪ್ಯಾಲೆಸ್ಟೀನಿಗೆ ಬಂದರು.

ಎಲ್ಲಕ್ಕೂ ಬ್ರಿಟಿಷರೇ ಕಾರಣ ಎಂದರೆ ತಪ್ಪೇ? (ಶಿವಮೊಗ್ಗ)

ಎಲ್ಲಕ್ಕೂ ಅಲ್ಲ, ಬಹಳಷ್ಟಕ್ಕೆ. ಯಹೂದಿಗಳು ಹತ್ತರಲ್ಲಿ ಒಬ್ಬರಷ್ಟಿದ್ದ ನಾಡಿನಲ್ಲಿ ಅವರಿಗೆ ‘ರಾಷ್ಟ್ರೀಯ ನೆಲೆ’ಯ ಭರವಸೆ ಕೊಟ್ಟು, ಉಳಿದವರನ್ನು ‘ಯಹೂದಿಯೇತರ ಸಮುದಾಯಗಳು’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದು ಅವರೇ. ಆಗ ಸಂಪುಟದಲ್ಲಿದ್ದ ಏಕೈಕ ಯಹೂದಿ ಎಡ್ವಿನ್ ಮಾಂಟೆಗು ಇದನ್ನು ಕಟುವಾಗಿ ವಿರೋಧಿಸಿದ್ದ. ನಮ್ಮ ಪಠ್ಯಪುಸ್ತಕದ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಯ ಅದೇ ಮಾಂಟೆಗು.

ಮೈಸೂರಿನ ಸೈನಿಕರು ಇಸ್ರೇಲಿಗಾಗಿ ಹೈಫಾ ಗೆದ್ದರಂತೆ? (ಮೈಸೂರು)

ಗೆದ್ದದ್ದು ನಿಜ, ಇಸ್ರೇಲಿಗಾಗಿ ಎಂಬುದು ಸುಳ್ಳು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಅಶ್ವಪಡೆಗಳು ಹೈಫಾವನ್ನು ಬ್ರಿಟಿಷರಿಗಾಗಿ ತುರ್ಕರಿಂದ ವಶಪಡಿಸಿಕೊಂಡವು. ಭರ್ಜಿ ಹಿಡಿದು ಫಿರಂಗಿಗಳ ಎದುರು ನುಗ್ಗಿದ ಆ ಸಾಹಸಕ್ಕೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ, ಹೋಗಿ ನೋಡಿ. ಮೂವತ್ತು ವರ್ಷಗಳ ನಂತರ ಹುಟ್ಟಿದ ದೇಶವನ್ನು ಅವರ ಕೈಗೆ ತುರುಕಬೇಡಿ.

ಪ್ಯಾಲೆಸ್ಟೀನ್ ಕುಗ್ಗುತ್ತಾ ಬಂದದ್ದನ್ನು ತೋರಿಸುವ ನಾಲ್ಕು ನಕ್ಷೆಗಳ ಆ ಚಿತ್ರ ಸರಿಯೇ? (ಅನೇಕರು)

ಒಂದರಲ್ಲಿ ಖಾಸಗಿ ಒಡೆತನ, ಇನ್ನೊಂದರಲ್ಲಿ ವಿಶ್ವಸಂಸ್ಥೆಯ ಪ್ರಸ್ತಾವ, ಮತ್ತೊಂದರಲ್ಲಿ ಕದನವಿರಾಮದ ಗೆರೆ, ಎಲ್ಲಕ್ಕೂ ಒಂದೇ ಬಣ್ಣ. ಅಳಿಸಿಬಿಡಿ. ಇಂದಿನ ಯಹೂದಿಗಳು ಖಜಾರ್ ಎಂಬ ತುರ್ಕಿ ಬುಡಕಟ್ಟಿನವರು ಎಂಬ ಸಂದೇಶವನ್ನೂ ಅದರ ಜೊತೆಗೇ ಅಳಿಸಿ.

ಈ ಯುದ್ಧ ಯಾವಾಗ ಮುಗಿಯುತ್ತದೆ? (ಹುಬ್ಬಳ್ಳಿ)

ಜ್ಯೋತಿಷಿಗಳನ್ನು ಕೇಳಿ.

ಭಾರತ ಆಗ ಯಾರ ಪರ ಇತ್ತು? (ಕಲಬುರಗಿ)

1947ರ ವಿಶ್ವಸಂಸ್ಥೆಯ ವಿಚಾರಣಾ ಸಮಿತಿಯಲ್ಲಿ ಭಾರತವಿತ್ತು. ಇರಾನ್ ಮತ್ತು ಯುಗೋಸ್ಲಾವಿಯಾ ಜೊತೆ ಸೇರಿ, ವಿಭಜನೆ ಬೇಡ, ಒಂದೇ ಒಕ್ಕೂಟ ರಾಜ್ಯವಾಗಲಿ ಎಂದಿತು. ಯಹೂದಿಗಳಿಗೂ ಬೇಡವಾದ, ಅರಬರಿಗೂ ಬೇಡವಾದ ಸಲಹೆ ಅದು. ನವೆಂಬರ್ 29ರಂದು ವಿಭಜನೆಯ ಗೊತ್ತುವಳಿ 33-13 ಮತಗಳಿಂದ ಗೆದ್ದಾಗ ಭಾರತ ಆ ಹದಿಮೂರರಲ್ಲಿತ್ತು. 1950ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟಿತು, ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದು 1992ರಲ್ಲಿ. ಅಷ್ಟರಲ್ಲಿ, 1988ರಲ್ಲಿ, ಪ್ಯಾಲೆಸ್ಟೀನ್ ರಾಷ್ಟ್ರಕ್ಕೂ ಮಾನ್ಯತೆ ಸಿಕ್ಕಿತ್ತು. ಇವುಗಳಲ್ಲಿ ತಮಗೆ ಬೇಕಾದ ಒಂದು ಇಸವಿಯನ್ನಷ್ಟೇ ಹಿಡಿದು ಪತ್ರ ಬರೆಯುವವರು ಇನ್ನು ಮುಂದೆ ನಾಲ್ಕನ್ನೂ ಸೇರಿಸಿ ಬರೆದರೆ ಉತ್ತರಿಸುತ್ತೇನೆ.